ಎಲ್ಲವೂ ‘ಬಹಿರಂಗ’ ಆಗಬೇಕೇ?

ಮಾನ್ಯರೇ,

ಈಚೆಗೆ ಸುದ್ದಿಗಳಲ್ಲಿ ಯಾರು ಏನೇ ಹೇಳಿದರೂ ಅದು ‘ಬಹಿರಂಗಪಡಿಸಿದ್ದಾರೆ’ ಎಂದಾಗುತ್ತಿದೆ. ನಟಿಯೊಬ್ಬರು ಮದುವೆ ದಿನ ತಿಳಿಸಿದರೂ ಬಹಿರಂಗ, ಸಚಿವರು ಕಾಮಗಾರಿ ಶುರುವಾಗುವ ದಿನ ಹೇಳಿದರೂ ಬಹಿರಂಗ. ಮುಚ್ಚಿಟ್ಟಿದ್ದನ್ನು ಹೊರಗೆ ತಂದಾಗ ಮಾತ್ರ ಆ ಮಾತು ಸರಿ, ಅಲ್ವಾ?

ನಮ್ಮ ಮನೆಯ ಹುಡುಗಿ ಪ್ರಬಂಧದಲ್ಲಿ ‘ಗಾಂಧೀಜಿ ಸತ್ಯವೇ ದೇವರೆಂದು ಬಹಿರಂಗಪಡಿಸಿದರು’ ಎಂದು ಬರೆದಿದ್ದಳು. ಓದಿ ಬೇಸರವಾಯಿತು. ಅಲ್ಲಿಗೆ ಬೇಕಿದ್ದುದು ‘ಸಾರಿದರು’.

‘ಸಾರು’ ಎಷ್ಟು ಒಳ್ಳೆಯ ಪದ! ಬೀದಿ ಬೀದಿಗೆ ಹೋಗಿ, ಡಂಗುರ ಬಡಿದು, ನಾಳೆ ಕೆರೆ ತೂಬು ಎತ್ತುತ್ತಾರೆ ಎಂದು ಕೂಗುತ್ತಿದ್ದವನು ಸಾರುತ್ತಿದ್ದ. ಓದು ಬಾರದವರಿಗೂ ಸುದ್ದಿ ಮುಟ್ಟುತ್ತಿತ್ತು. ಹಳೆಗನ್ನಡದಲ್ಲಿ ‘ಸಾರ್’ ಎಂದರೆ ಹತ್ತಿರ ಬರು ಎಂಬ ಅರ್ಥವೂ ಇತ್ತು. ‘ಸಾರಿ ಸಾರಿ ಹೇಳಿದೆ, ಕೇಳಲಿಲ್ಲ’ ಎಂದು ಇವತ್ತಿಗೂ ಅನ್ನುತ್ತೇವೆ. ‘ಬಿತ್ತರಿಸು’ ಕೂಡ ಚೆಂದ. ಸಂಸ್ಕೃತದ ವಿಸ್ತಾರ ಕನ್ನಡದ ಬಾಯಲ್ಲಿ ಬಿತ್ತರ ಆಯಿತು. ರೇಡಿಯೊ, ಟಿವಿಗೆ ಹೇಳಿ ಮಾಡಿಸಿದ ಹಾಗಿದೆ. ‘ಘೋಷಿಸು’ ಅನ್ನುವುದಕ್ಕೆ ಅಧಿಕಾರದ ತೂಕ ಬೇಕು. ಚುನಾವಣೆ ದಿನಾಂಕಕ್ಕೆ ಅದು ಒಪ್ಪುತ್ತದೆ. ‘ಅರುಹು’ ಮೆಲ್ಲಗೆ, ಆಪ್ತವಾಗಿ ತಿಳಿಸುವುದು. ಅದೀಗ ಪದ್ಯಗಳಲ್ಲೇ ಜಾಸ್ತಿ.

1843ರಲ್ಲಿ ಶುರುವಾದ ಕನ್ನಡದ ಮೊದಲ ಪತ್ರಿಕೆಯ ಹೆಸರು ‘ಮಂಗಳೂರ ಸಮಾಚಾರ’. ಹೆಸರಲ್ಲೇ ಅಬ್ಬರವಿಲ್ಲ. ವರದಿಗಾರರಲ್ಲಿ ನನ್ನ ಕೋರಿಕೆ ಇಷ್ಟೆ: ‘ಹೇಳಿದರು’, ‘ತಿಳಿಸಿದರು’ ಸಾಕಾಗುವ ಕಡೆ ಸುಮ್ನೆ ಅವನ್ನೇ ಬರೆಯಿರಿ. ಮಕ್ಕಳು ನಿಮ್ಮನ್ನು ಓದಿಯೇ ಕನ್ನಡ ಕಲಿಯುತ್ತಾರೆ.

– ನಿಮ್ಮ ಓದುಗ, ಶಿವಮೊಗ್ಗ