ಹಾಜರಿ ಲೆಕ್ಕ ನಮ್ಮ ಬಳಿಯೇ ಇದೆ

ಸಂಪಾದಕರೇ,

ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 50ರಿಂದ 144 ಗಂಟೆಗೆ ಏರಿಸಲು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರುವ ಪ್ರಸ್ತಾವ 2025ರ ಜೂನ್‌ನಲ್ಲಿ ಬಂದಾಗ ಐಟಿ ನೌಕರರ ಸಂಘ ದನಿ ಎತ್ತಿತು. ನಾವು ಎಚ್‌ಆರ್ (ಮಾನವ ಸಂಪನ್ಮೂಲ) ವಿಭಾಗದವರು? ಕ್ಯಾಂಟೀನಿನಲ್ಲಿ ಗೊಣಗಿ ಸುಮ್ಮನಾದೆವು.

ರಾತ್ರಿ 9.40ಕ್ಕೆ ಕಾರ್ಡ್ ಉಜ್ಜಿ ಹೊರಬೀಳುವವರು ಯಾರು, ಅವರಲ್ಲಿ ಮರುತಿಂಗಳೇ ರಾಜೀನಾಮೆ ಕೊಟ್ಟವರೆಷ್ಟು ಎಂಬುದೆಲ್ಲ ನಮ್ಮ ಕಂಪ್ಯೂಟರಿನಲ್ಲೇ ಇದೆ. ಹೆಸರು ತೆಗೆದು, ಬರೀ ಅಂಕಿ ಇಟ್ಟು ಇಂಥ ಪ್ರಸ್ತಾವಗಳ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಏನಡ್ಡಿ? ಮ್ಯಾನೇಜ್‌ಮೆಂಟಿನ ಭಯ, ಅಷ್ಟೇ. ನನಗೂ ಇದೆ. ಒಬ್ಬೊಬ್ಬರಾಗಿ ಆಗದಿದ್ದರೆ ವೃತ್ತಿ ಸಂಘಗಳ ಮೂಲಕವಾದರೂ ಕಳಿಸೋಣ. ಕಾರ್ಮಿಕ ಇಲಾಖೆಯೂ ಮುಂದಿನ ಸಭೆಗೆ ಮಾಲೀಕರು, ಕಾರ್ಮಿಕ ಸಂಘಗಳ ಜತೆ ನಮ್ಮನ್ನೂ ಕರೆಯಲಿ.

– ಎಚ್‌ಆರ್ ವ್ಯವಸ್ಥಾಪಕಿ, ಬೆಂಗಳೂರು