ಗುಪ್ತಚರ ವರದಿ ಯಾರ ಮೇಜಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಉಗ್ರರ ದಾಳಿ ಎಲ್ಲೇ ನಡೆಯಲಿ, ಮರುದಿನವೇ ‘ಗುಪ್ತಚರ ವೈಫಲ್ಯ’ ಎಂಬ ಮಾತು, ಅದರ ಬೆನ್ನಿಗೆ ಹೊಸದೊಂದು ಸಂಸ್ಥೆ ಕಟ್ಟಬೇಕೆಂಬ ಸಲಹೆ. ಕಾರ್ಗಿಲ್ ಯುದ್ಧದ ನಂತರ ರಕ್ಷಣಾ ಗುಪ್ತಚರ ಸಂಸ್ಥೆ, ತಾಂತ್ರಿಕ ಗುಪ್ತಚರಕ್ಕೆಂದು ಎನ್‌ಟಿಆರ್‌ಒ ಬಂದವು. ಮುಂಬೈ ದಾಳಿಯ ನಂತರ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ, ವಿವಿಧ ಇಲಾಖೆಗಳ ದತ್ತಾಂಶ ಬೆಸೆಯುವ ನ್ಯಾಟ್‌ಗ್ರಿಡ್. ಅವು ಬೇಡವಾಗಿದ್ದವು ಎನ್ನುತ್ತಿಲ್ಲ. ಕೈಗೆ ಸಿಕ್ಕ ಮಾಹಿತಿಯೂ ಹಾದಿ ತಪ್ಪುವುದು ಹೇಗೆ ಎಂಬ ಚರ್ಚೆ ಮಾತ್ರ ನಡೆಯುವುದೇ ಇಲ್ಲ.

ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿಯಲ್ಲಿ ಇದಕ್ಕೊಂದು ಪಾಠವಿದೆ. ಗಡಿಯಾಚೆಗಿನ ಚಟುವಟಿಕೆಗಳ ಬಗ್ಗೆ 1998ರ ಜೂನ್‌ನಲ್ಲಿ ದೇಶದೊಳಗಿನ ಗುಪ್ತಚರ ಸಂಸ್ಥೆ ಐಬಿಯ ನಿರ್ದೇಶಕರೇ ಸಹಿ ಮಾಡಿ ಪತ್ರ ಕಳಿಸಿದ್ದರು. ಅದು ಪ್ರಧಾನಿ, ಗೃಹ ಸಚಿವ, ಸಂಪುಟ ಕಾರ್ಯದರ್ಶಿ, ಗೃಹ ಕಾರ್ಯದರ್ಶಿ ಮತ್ತು ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರಿಗೆ ಹೋಯಿತು. ಅದನ್ನು ಬೇರೆ ಮಾಹಿತಿಯೊಂದಿಗೆ ತಾಳೆ ನೋಡಬೇಕಿದ್ದ, ವಿದೇಶಿ ಗುಪ್ತಚರ ಸಂಸ್ಥೆ ‘ರಾ’ದ ಮುಖ್ಯಸ್ಥ, ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷ, ಸೇನಾ ಗುಪ್ತಚರ ಮಹಾನಿರ್ದೇಶಕ ಈ ಮೂವರಿಗೇ ಹೋಗಲಿಲ್ಲ. ಮೇಲಿನವರ ಮೂಲಕ ಅವರಿಗೂ ತಲುಪೀತು ಎಂಬುದು ಕಳಿಸಿದವರ ನಿರೀಕ್ಷೆ. ಸರ್ಕಾರಿ ಕಡತಗಳ ನಡಿಗೆ ಬಲ್ಲವರಿಗೆ ಆ ನಿರೀಕ್ಷೆಯ ಬೆಲೆ ಗೊತ್ತು.

ಎಚ್ಚರಿಕೆಯ ಟಿಪ್ಪಣಿ ಬರೆಯುವ ಕ್ರಮವೂ ಬದಲಾಗಬೇಕು. ‘ದಾಳಿ ನಡೆಯುವ ಸಂಭವವಿದೆ, ಕಟ್ಟೆಚ್ಚರ ವಹಿಸಿ’ ಎಂಬ ಒಂದು ಸಾಲು ಠಾಣೆಗೆ ಬಂದರೆ ಠಾಣಾಧಿಕಾರಿ ಮಾಡುವುದೇನು? ನಾಲ್ಕು ದಿನ ನಾಕಾಬಂದಿ, ಐದನೇ ದಿನ ಬಂದೋಬಸ್ತ್ ಡ್ಯೂಟಿ, ಕಾಗದ ಫೈಲಿಗೆ. ನ್ಯಾಟೊ ದೇಶಗಳಲ್ಲಿ ಮಾಹಿತಿ ಕೊಟ್ಟವನ ವಿಶ್ವಾಸಾರ್ಹತೆಗೆ ‘ಎ’ಯಿಂದ ‘ಎಫ್’, ಮಾಹಿತಿಯ ಸತ್ಯಾಸತ್ಯತೆಗೆ 1ರಿಂದ 6 ಎಂದು ಬೇರೆಬೇರೆ ಅಂಕ ಕೊಡುತ್ತಾರೆ. ನಂಬಿಗಸ್ತನೂ ತಪ್ಪು ಸುದ್ದಿ ತರಬಹುದಲ್ಲ! ಮೂಲ ಯಾವುದೆಂಬ ಗುರುತೂ ಬೇಕು, ಗುಪ್ತ ಸಂಕೇತದಲ್ಲಾದರೂ ಸರಿ. ಇಲ್ಲದಿದ್ದರೆ ಒಬ್ಬನೇ ಬಾತ್ಮೀದಾರ ಎರಡು ಸಂಸ್ಥೆಗಳಿಗೆ ಹೇಳಿದ ಒಂದೇ ಸುದ್ದಿ ‘ಎರಡು ಕಡೆಯಿಂದ ಖಚಿತ’ ಎಂದಾಗಿಬಿಡುತ್ತದೆ. ಎಚ್ಚರಿಕೆ ಯಾವ ತಾರೀಕಿನವರೆಗೆ ಜಾರಿಯಲ್ಲಿರುತ್ತದೆ, ಪಡೆದವರು ಏನು ಮಾಡಿದರು, ಎಷ್ಟು ದಿನದೊಳಗೆ ಉತ್ತರಿಸಬೇಕು ಎಂಬ ಕಾಲಂಗಳು ಇರಲಿ. ಇದಕ್ಕೆ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಕಾಯ್ದೆ ಬೇಕಿರುವುದು ಬೇರೆ ಕಡೆ. 1887ರಷ್ಟು ಹಿಂದೆ ಹುಟ್ಟಿದ ಐಬಿ, 1968ರಲ್ಲಿ ಹುಟ್ಟಿದ ‘ರಾ’ ಎರಡಕ್ಕೂ ಅಧಿಕಾರ ಮತ್ತು ಮಿತಿ ಹೇಳುವ ಶಾಸನವಿಲ್ಲ. 2011ರಲ್ಲಿ ಸಂಸದ ಮನೀಶ್ ತಿವಾರಿ ಇದಕ್ಕೆಂದು ತಂದ ಖಾಸಗಿ ಮಸೂದೆ ಕಾಯ್ದೆಯಾಗಲೇ ಇಲ್ಲ. ಬ್ರಿಟನ್ 1994ರಲ್ಲೇ ಗುಪ್ತಚರ ಸಂಸ್ಥೆಗಳ ಮೇಲೆ ಕಣ್ಣಿಡಲು ಸಂಸದರ ಸಮಿತಿಯೊಂದನ್ನು ಕಾನೂನಿನ ಮೂಲಕ ರಚಿಸಿತು.

ಫೋನ್ ಕದ್ದಾಲಿಕೆಯ ಲೆಕ್ಕವನ್ನೇ ನೋಡಿ. ಕೇಂದ್ರ ಗೃಹ ಕಾರ್ಯದರ್ಶಿ ಹೊರಡಿಸುವ ಆದೇಶಗಳನ್ನು ಸಂಪುಟ ಕಾರ್ಯದರ್ಶಿ ಮತ್ತಿಬ್ಬರು ಕಾರ್ಯದರ್ಶಿಗಳ ಸಮಿತಿ ಎರಡು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರವನ್ನು ಆಧರಿಸಿ, ಸಮಿತಿಯ ಮುಂದೆ ಪ್ರತಿ ಸಭೆಗೆ 15,000ದಿಂದ 18,000 ಆದೇಶಗಳು ಬರುತ್ತವೆ ಎಂದು ದತ್ತಾಂಶ ರಕ್ಷಣೆ ಕುರಿತ ನ್ಯಾ. ಶ್ರೀಕೃಷ್ಣ ಸಮಿತಿ 2018ರಲ್ಲಿ ಹೇಳಿತ್ತು. ಎಂಟು ಗಂಟೆ ಎಡೆಬಿಡದೆ ಕೂತರೂ ಒಂದು ಆದೇಶಕ್ಕೆ ಎರಡು ಸೆಕೆಂಡೂ ದಕ್ಕದು. ಆದೇಶ ಕೊಡುವವರು, ಪರಿಶೀಲಿಸುವವರು ಎಲ್ಲರೂ ಅಧಿಕಾರಿಗಳೇ. 2023ರ ದೂರಸಂಪರ್ಕ ಕಾಯ್ದೆಯಡಿ ಬಂದ ಹೊಸ ನಿಯಮಗಳೂ ಈ ಚೌಕಟ್ಟನ್ನು ಕದಲಿಸಿಲ್ಲ. ಸಮಿತಿಗೆ ಒಬ್ಬ ನಿವೃತ್ತ ನ್ಯಾಯಮೂರ್ತಿಯನ್ನು ಸೇರಿಸಲಿ. ವರ್ಷಕ್ಕೆ ಎಷ್ಟು ಆದೇಶ ಹೊರಟವು, ಎಷ್ಟು ರದ್ದಾದವು ಎಂಬ ಎರಡು ಅಂಕಿಗಳನ್ನಾದರೂ ಸಂಸತ್ತಿನ ಮುಂದಿಡಲಿ. ಅಷ್ಟರಿಂದ ಯಾರ ಗುಟ್ಟೂ ರಟ್ಟಾಗದು.

ಇಂತಿ,
ನಿಮ್ಮ ಓದುಗ