ಸೇನೆಯಿಂದ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ: ಲೇಖನ ಮುಟ್ಟದ ಮಾತು

ಮಾನ್ಯ ಸಂಪಾದಕರೇ,

ಸೇನಾಧಿಕಾರಿಗಳು ನಿವೃತ್ತಿಯ ನಂತರ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ (ಕಂಪನಿಗಳ ಖರೀದಿ, ಮಾರಾಟ, ವಿಲೀನಗಳಿಗೂ ಬಂಡವಾಳ ಸಂಗ್ರಹಕ್ಕೂ ನೆರವಾಗುವ ವೃತ್ತಿ) ಸೇರುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ಅದೇ ದಾರಿಯಲ್ಲಿ ಬಂದವನಾದ್ದರಿಂದ ಈ ಪತ್ರ. ಶಿಸ್ತು, ನಾಯಕತ್ವ ಮತ್ತು ಒತ್ತಡಕ್ಕೆ ಜಗ್ಗದ ಗುಣವಿದ್ದರೆ ಬ್ಯಾಂಕುಗಳು ಕರೆದು ಕೆಲಸ ಕೊಡುತ್ತವೆ ಎಂಬುದು ಲೇಖನದ ಧಾಟಿ. ಬಾಗಿಲು ತೆರೆದಿರುವುದೇನೋ ನಿಜ. ಅಮೆರಿಕದ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ 2012ರಲ್ಲಿಯೇ ಮಾಜಿ ಸೈನಿಕರಿಗಾಗಿ ಪ್ರತ್ಯೇಕ ಕಾರ್ಯಕ್ರಮವನ್ನು ಆರಂಭಿಸಿತ್ತು. ಆದರೆ ಹಾಗೆ ಒಳಹೊಕ್ಕ ನನ್ನ ಜೊತೆಗಾರರಲ್ಲಿ ಕೆಲವರು ಮೂರನೇ ವರ್ಷ ತುಂಬುವ ಮೊದಲೇ ಹೊರನಡೆದದ್ದನ್ನು ಕಂಡಿದ್ದೇನೆ. ಅವರಾರೂ ಶಿಸ್ತಿನ ಕೊರತೆಯಿಂದ ಸೋತವರಲ್ಲ.

ನನ್ನ ಮೊದಲ ಸಂದರ್ಶನದಲ್ಲಿ ಸೇವಾನುಭವದ ಮಾತು ಐದು ನಿಮಿಷದಲ್ಲಿ ಮುಗಿಯಿತು. ನಂತರ ಬಂದ ಪ್ರಶ್ನೆ: ಕಂಪನಿಯ ಸವಕಳಿ ವೆಚ್ಚ (ಯಂತ್ರ, ಕಟ್ಟಡಗಳು ಸವೆದು ಬೆಲೆ ತಗ್ಗುವುದನ್ನು ವೆಚ್ಚವಾಗಿ ತೋರಿಸುವ ಲೆಕ್ಕ) 10 ಕೋಟಿ ಹೆಚ್ಚಿದರೆ, ತೆರಿಗೆ ಶೇ 30 ಇದ್ದಾಗ, ಲಾಭ-ನಷ್ಟ, ನಗದು ಹರಿವು, ಬ್ಯಾಲೆನ್ಸ್ ಶೀಟ್ ಎಂಬ ಮೂರು ಲೆಕ್ಕಪಟ್ಟಿಗಳಲ್ಲಿ ಏನಾಗುತ್ತದೆ? ತೆರಿಗೆಪೂರ್ವ ಲಾಭ 10 ಇಳಿದು, ತೆರಿಗೆಯಲ್ಲಿ 3 ಉಳಿದು, ನಿವ್ವಳ ಲಾಭ 7 ತಗ್ಗುತ್ತದೆ. ಸವಕಳಿಗಾಗಿ ಯಾರ ಕೈಗೂ ಹಣ ಕೊಡಬೇಕಿಲ್ಲವಾದ್ದರಿಂದ ನಗದು ಮಾತ್ರ 3 ಹೆಚ್ಚುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಸ್ಥಿರಾಸ್ತಿ 10 ಇಳಿದು ನಗದು 3 ಏರುವುದರಿಂದ ಒಟ್ಟು ಆಸ್ತಿ 7 ಕಡಿಮೆಯಾಗುತ್ತದೆ. ಎದುರು ಬದಿಯಲ್ಲಿ ಷೇರುದಾರರ ಬಂಡವಾಳವೂ ಅಷ್ಟೇ ಇಳಿದು ಲೆಕ್ಕ ಸರಿಹೊಂದುತ್ತದೆ. ಈಗ ಸಲೀಸಾಗಿ ಬರೆಯುತ್ತಿದ್ದೇನೆ, ಅಂದು ನಗದಿನ ಹಂತದಲ್ಲೇ ತಡವರಿಸಿದ್ದೆ. ಸೇವೆಯ ಕೊನೆಯ ಎರಡು ವರ್ಷಗಳಲ್ಲಿ ಲೆಕ್ಕಶಾಸ್ತ್ರವನ್ನೂ ಕಂಪನಿಗಳ ಮೌಲ್ಯಮಾಪನವನ್ನೂ ಕಲಿಯದೆ ಈ ಕಡೆ ಬರಬೇಡಿ ಎಂದು ಕಿರಿಯರಿಗೆ ನಾನು ಹೇಳುವುದು ಇದೇ ಕಾರಣಕ್ಕೆ.

ಎಂಬಿಎ ಮುಗಿಸಿ ಬಂದವರು ಸಾಮಾನ್ಯವಾಗಿ ಅಸೋಸಿಯೇಟ್ ಆಗಿ, ಅಂದರೆ ಆರಂಭದ ಹುದ್ದೆಯಾದ ಅನಲಿಸ್ಟ್‌ಗಿಂತ ಒಂದು ಮೆಟ್ಟಿಲು ಮೇಲೆ, ಸೇರುತ್ತಾರೆ. ನೂರು ಜನರ ಹೊಣೆ ಹೊತ್ತಿದ್ದವನು ಎಕ್ಸೆಲ್‌ ಅನ್ನು ಇಪ್ಪತ್ನಾಲ್ಕರ ಅನಲಿಸ್ಟ್‌ನಿಂದ ಕಲಿಯಬೇಕಾಗುತ್ತದೆ. ನನಗೆ ಅದು ಅಷ್ಟೇನೂ ಕಷ್ಟವಾಗಲಿಲ್ಲ; ಹೊಸ ಲೆಫ್ಟಿನೆಂಟ್ ಹಳೆಯ ಹವಾಲ್ದಾರರಿಂದ ಕಲಿಯುವುದನ್ನು ಅನುಭವಿಸಿದವರಿಗೆ ಇದು ಹೊಸದಲ್ಲ. ದುಡಿಮೆಯ ಗಂಟೆಗಳನ್ನೂ ಹೇಗೋ ತಡೆದುಕೊಂಡೆ. 2024ರಲ್ಲಿ ಜೆಪಿ ಮಾರ್ಗನ್ ತನ್ನ ಕಿರಿಯ ಬ್ಯಾಂಕರುಗಳಿಗೆ ಹಾಕಿದ ಮಿತಿಯೇ ವಾರಕ್ಕೆ 80 ಗಂಟೆ ಎಂದರೆ, ಮಿತಿಯಿಲ್ಲದ ಕಾಲದ ರೂಢಿಯನ್ನು ಓದುಗರೇ ಊಹಿಸಬಹುದು.

ನಿಜಕ್ಕೂ ಕಂಗೆಡಿಸಿದ್ದು ಬೇರೆ. ಸೇನೆಯಲ್ಲಿ ಕೊಟ್ಟ ಕಾರ್ಯಕ್ಕೆ ಒಂದು ಮುಕ್ತಾಯವಿರುತ್ತದೆ. ಇಲ್ಲಿ ನಾಲ್ಕು ತಿಂಗಳು ರಾತ್ರಿ ಹಗಲೆನ್ನದೆ ಕಟ್ಟಿದ ವಿಲೀನದ ಮಾತುಕತೆ, ಖರೀದಿದಾರರ ಆಡಳಿತ ಮಂಡಳಿ ಮನಸ್ಸು ಬದಲಿಸಿದ ಒಂದೇ ಮಧ್ಯಾಹ್ನ ಮುರಿದುಬೀಳುತ್ತದೆ. ಸಂಜೆಗೆ ಇನ್ನೊಬ್ಬ ಗ್ರಾಹಕರ ಪಿಚ್ ಬುಕ್ (ವ್ಯವಹಾರ ಗಿಟ್ಟಿಸಲು ಗ್ರಾಹಕರ ಮುಂದಿಡುವ ಪ್ರಸ್ತಾವನೆ) ಮೇಜಿನ ಮೇಲಿರುತ್ತದೆ. ಯಾರೂ ತಪ್ಪು ಮಾಡಿರುವುದಿಲ್ಲ, ವಿವರಣೆ ಕೇಳುವವರೂ ಇರುವುದಿಲ್ಲ. ಒಪ್ಪಂದಗಳು ಕೈಗೂಡದ ವರ್ಷ ಬೋನಸ್ಸೂ ಕರಗುತ್ತದೆ, ಮತ್ತು ಈ ವೃತ್ತಿಯ ಗಳಿಕೆಯಲ್ಲಿ ದೊಡ್ಡ ಪಾಲು ಬೋನಸ್ಸಿನದ್ದೇ. ನನ್ನ ಜೊತೆಗಾರರು ಬಿಟ್ಟುಹೋದದ್ದು ಬಹುಮಟ್ಟಿಗೆ ಇಂಥ ಹೊತ್ತಿನಲ್ಲಿ.

ಉಳಿದುಕೊಂಡವರಿಗೆ ವೈಸ್ ಪ್ರೆಸಿಡೆಂಟ್ ಹುದ್ದೆ (ಬ್ಯಾಂಕುಗಳಲ್ಲಿ ಇದು ಮಧ್ಯಮ ದರ್ಜೆಯದು) ದಾಟಿದ ಮೇಲೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಅಲ್ಲಿಂದಾಚೆಗೆ ಲೆಕ್ಕ ಮಾಡುವವರು ಬೇರೆ. ಸ್ಥಾಪಕರೊಬ್ಬರು ಮೂವತ್ತು ವರ್ಷ ಬೆಳೆಸಿದ ಕಂಪನಿಯನ್ನು ಮಾರುವ ಮುನ್ನ ಮನಬಿಚ್ಚಿ ಮಾತನಾಡುವಷ್ಟು ನಂಬಿಕೆಯನ್ನು ಗಳಿಸುವುದೇ ನಮ್ಮ ಕೆಲಸ. ಲೇಖನ ಹೊಗಳಿದ ಸೇನಾ ಗುಣಗಳಿಗೆ ಬೆಲೆ ಬರುವುದು ಆ ಹಂತದಲ್ಲಿ, ಅಂದರೆ ಸೇರಿದ ಆರೇಳು ವರ್ಷಗಳ ನಂತರ.

ಈ ವಿಷಯವನ್ನು ಮತ್ತೊಮ್ಮೆ ಎತ್ತಿಕೊಳ್ಳುವುದಾದರೆ, ಹೊಸದಾಗಿ ಸೇರಿದವರ ಜೊತೆಗೆ ಮೂರನೇ ವರ್ಷದಲ್ಲಿ ಬಿಟ್ಟುಹೋದವರನ್ನೂ ದಯವಿಟ್ಟು ಮಾತನಾಡಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಸೇನಾಧಿಕಾರಿ